‘ಅಂತೆ’ ಬಿಟ್ಟು ಮಾರಿದ ಸ್ಕೂಟರ್

(ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಆಡುವಾಗ ತಡವರಿಸಿದ್ದನ್ನು ಇಲ್ಲಿ ನೇರ ಮಾಡಿಕೊಂಡಿದ್ದೇನೆ. ಕೊನೆಯಲ್ಲಿ ಸಿಕ್ಕಿಬಿದ್ದದ್ದನ್ನು ಮಾತ್ರ ಹಾಗೆಯೇ ಉಳಿಸಿದ್ದೇನೆ.)

ಇಂದಿನ ವಿಷಯ ಏನು ಎಂದು ವಾಚನಾಲಯದ ಗೆಳೆಯರು ಕೇಳಿದಾಗ ‘ಹಳೆಯ ಸಾಮಾನು ಮಾರುವುದು’ ಎಂದೆ. ಮೂವತ್ತು ವರ್ಷ ಕನ್ನಡ ವ್ಯಾಕರಣ ಕಲಿಸಿದವನು ಗುಜರಿ ವಿಚಾರಕ್ಕೆ ಏಕೆ ಇಳಿದ ಎಂದು ಅವರಿಗೆ ಅನುಮಾನ ಬಂದಿರಬೇಕು. ವ್ಯಾಕರಣವೂ ಬರುತ್ತದೆ, ಸ್ವಲ್ಪ ತಾಳಿ.

ಕೆಲವು ವರ್ಷಗಳ ಹಿಂದೆ ನನ್ನ ಸ್ಕೂಟರನ್ನು ಮಾರಿದೆ. ಕೊಂಡವನು ಲ್ಯಾಬ್ ಒಂದರಲ್ಲಿ ಕೆಲಸಕ್ಕಿದ್ದ ಹುಡುಗ. ಬೆಳಗಿನ ಪಾಳಿಗೆ ಐದೂವರೆಗೆ ಹೊರಡಬೇಕು, ಆ ಹೊತ್ತಿಗೆ ಅವನ ಕಡೆ ಬಸ್ ಇಲ್ಲ. ಬಂದವನು ಸುತ್ತಲೂ ನೋಡಿದ, ಒಂದು ಸುತ್ತು ಓಡಿಸಿದ, ಟೈರ್ ಒತ್ತಿ ನೋಡಿದ. ನಾನು ಎರಡು ಮಾತು ಹೇಳಿದೆ. ಒಂದು, ‘ಇದು 2013ರ ಮಾಡೆಲ್.’ ಇನ್ನೊಂದು, ‘ಎಂಜಿನ್ ಒಮ್ಮೆಯೂ ಬಿಚ್ಚಿಲ್ಲ.’ ಎರಡನೆಯದನ್ನು ಹೇಳುವಾಗ ಸೀಟನ್ನು ಒಮ್ಮೆ ತಟ್ಟಿದ ನೆನಪೂ ಇದೆ. ಇಪ್ಪತ್ತಾರು ಸಾವಿರಕ್ಕೆ ಮಾತು ಮುಗಿಯಿತು. ಅವನು ಅಲ್ಲೇ ಎರಡು ಸಾವಿರ ಮುಂಗಡ ಕೊಟ್ಟ.

ಮುಂಗಡಕ್ಕೆ ನಮ್ಮಲ್ಲಿ ಸಂಚಕಾರ ಎಂಬ ಹಳೆಯ ಮಾತಿದೆ. ಸಂಸ್ಕೃತದಲ್ಲಿ ಸತ್ಯಂಕಾರ ಎನ್ನುತ್ತಾರೆ; ಆಡಿದ ಮಾತನ್ನು ಸತ್ಯ ಮಾಡುವುದು ಎಂದರ್ಥ. ಕನ್ನಡದಲ್ಲಿ ಈಗ ಸಂಚಕಾರ ಎಂದರೆ ಜನ ಹೆದರುತ್ತಾರೆ, ಏಕೆಂದರೆ ‘ಜೀವಕ್ಕೆ ಸಂಚಕಾರ’ ಎಂಬುದೊಂದೇ ಬಳಕೆ ಅವರಿಗೆ ಗೊತ್ತು. ವ್ಯಾಪಾರ ಖಚಿತವಾಗುವುದಕ್ಕೂ ಅಪಾಯ ಬರುವುದಕ್ಕೂ ಒಂದೇ ಪದ ಇಟ್ಟುಕೊಂಡ ಜನ ನಾವು. ಅನುಭವವಿಲ್ಲದೆ ಹಾಗೆ ಇಟ್ಟುಕೊಂಡಿರಲಾರರು.

ಮೂರು ವಾರವಾದ ಮೇಲೆ ಹುಡುಗ ಮತ್ತೆ ಬಂದ. ಗಾಡಿ ಹೊಗೆ ಬಿಡುತ್ತಿತ್ತು, ಆಯಿಲ್ ಕುಡಿಯುತ್ತಿತ್ತು. ಮೆಕ್ಯಾನಿಕ್ ಎಂಜಿನ್ನಿನ ಬೋಲ್ಟುಗಳನ್ನು ತೋರಿಸಿ, ತಲೆಯ ಮೇಲಿನ ಬಣ್ಣ ಹೋಗಿದೆ, ಜೋಡಣೆಯಿಂದ ಗ್ಯಾಸ್ಕೆಟ್ ಪೇಸ್ಟ್ ಹೊರಗೆ ಬಂದಿದೆ, ಇದನ್ನು ಹಿಂದೆಯೇ ಬಿಚ್ಚಿ ಬೋರ್ ಮಾಡಿಸಿದ್ದಾರೆ, ಅಂದರೆ ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆಸಿದ್ದಾರೆ ಎಂದನಂತೆ. ಜೊತೆಗೆ ಆರ್‌ಸಿಯಲ್ಲಿ ತಯಾರಾದ ತಿಂಗಳು 2012ರ ನವೆಂಬರ್ ಎಂದಿತ್ತು. ನೋಂದಣಿ ಮಾತ್ರ 2013ರ ಫೆಬ್ರವರಿಯದು. ಆ ಕಾರ್ಡನ್ನು ಆರು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದವನು ನಾನು. ಆ ಸಾಲನ್ನು ಓದಿರಲಿಲ್ಲ.

ಅವನು ದುಡ್ಡು ಕೇಳಲಿಲ್ಲ. ‘ಸರ್, ಇದು ನಿಮಗೆ ಗೊತ್ತಿತ್ತೇ?’ ಎಂದು ಕೇಳಿದ.

ಗೊತ್ತಿರಲಿಲ್ಲ. ನಾನೂ ಅದನ್ನು ಸಹೋದ್ಯೋಗಿಯೊಬ್ಬರಿಂದ ಕೊಂಡಿದ್ದೆ. ಎಂಜಿನ್ ಬಿಚ್ಚಿಲ್ಲ ಎಂದು ಹೇಳಿದ್ದು ಅವರು. ನಾನು ಅದನ್ನೇ ಹುಡುಗನಿಗೆ ದಾಟಿಸಿದ್ದೆ. ಹಾಗೆಂದು ಹೇಳಿದೆ, ಸ್ವಲ್ಪ ಗಡುಸಾಗಿಯೇ ಹೇಳಿದೆ. ನನ್ನ ಮೇಲೆ ಅನುಮಾನ ಪಟ್ಟನಲ್ಲ ಎಂಬ ಸಿಟ್ಟು. ಅವನು ತಲೆಯಾಡಿಸಿ ಹೋದ. ಒಳಗೆ ಬಂದರೆ ನನ್ನ ಹೆಂಡತಿ ಕೇಳಿದಳು: ‘ಅವರು ಹೇಳಿದರು ಎಂದು ಹೇಳಿದಿರೋ, ನೀವೇ ಕಂಡ ಹಾಗೆ ಹೇಳಿದಿರೋ?’

ಇಲ್ಲಿಗೆ ವ್ಯಾಕರಣ ಬಂತು. ‘ಎಂಜಿನ್ ಬಿಚ್ಚಿಲ್ಲ’ ಎನ್ನುವುದಕ್ಕೂ ‘ಎಂಜಿನ್ ಬಿಚ್ಚಿಲ್ಲವಂತೆ’ ಎನ್ನುವುದಕ್ಕೂ ಇರುವ ವ್ಯತ್ಯಾಸ ಕನ್ನಡದ ಮೂರು ವರ್ಷದ ಮಗುವಿಗೂ ಗೊತ್ತು. ಮೊದಲನೆಯದರಲ್ಲಿ ಹೇಳುವವನೇ ಜಾಮೀನು. ಎರಡನೆಯದರಲ್ಲಿ ಮಾತು ಬೇರೆ ಕಡೆಯಿಂದ ಬಂದದ್ದು, ನಾನು ಬರಿಯ ಕೊಳವೆ. ಎಷ್ಟೋ ಭಾಷೆಗಳು ಇದನ್ನು ಹೇಳಲು ಇಡೀ ಒಂದು ವಾಕ್ಯ ಖರ್ಚು ಮಾಡುತ್ತವೆ. ನಮಗೆ ಎರಡಕ್ಷರ ಸಾಕು. ಊರ ಸುದ್ದಿ ಹೇಳುವಾಗ ಈ ಎರಡಕ್ಷರವನ್ನು ಧಾರಾಳವಾಗಿ ಬಳಸುತ್ತೇವೆ: ಅವರ ಮಗನಿಗೆ ಕೆಲಸ ಹೋಯಿತಂತೆ, ಇವರು ಮನೆ ಮಾರುತ್ತಾರಂತೆ. ಮಾರಲು ನಿಂತಾಗ ಮಾತ್ರ ಅದು ನಾಲಿಗೆಯಿಂದ ಜಾರಿಬಿಡುತ್ತದೆ. ಏಕೆಂದರೆ ‘ಅಂತೆ’ ಸೇರಿದ ಕೂಡಲೇ ಬೆಲೆ ಇಳಿಯುತ್ತದೆ. ನಾನು ಸುಳ್ಳು ಹೇಳಲಿಲ್ಲ, ನಿಜ. ಆದರೆ ನನ್ನದಲ್ಲದ ಖಾತರಿಯನ್ನು ನನ್ನದೆಂದು ಮಾರಿದೆ, ಅದಕ್ಕೂ ಸೇರಿಸಿಯೇ ಬೆಲೆ ತೆಗೆದುಕೊಂಡೆ.

ಇದು ಮೇಷ್ಟರ ಕುಶಾಲಿನ ಮಾತು ಎಂದು ಕಾನೂನು ಓದಿದವರಿಗೆ ಅನ್ನಿಸಬಹುದು. ಅವರಿಗಾಗಿ 1872ರ ಭಾರತೀಯ ಕರಾರು ಕಾಯ್ದೆಯ 18ನೇ ಕಲಮನ್ನು ನೋಡಿಕೊಂಡು ಬಂದಿದ್ದೇನೆ. ತಪ್ಪು ನಿರೂಪಣೆ ಎಂದರೇನು ಎಂದು ಅದು ಹೇಳುತ್ತದೆ: ತನ್ನ ಬಳಿ ಇರುವ ಮಾಹಿತಿ ಎಷ್ಟು ಬಲವಾಗಿ ಹೇಳಲು ಅವಕಾಶ ಕೊಡುತ್ತದೋ ಅದನ್ನು ಮೀರಿ, ನಿಜವಲ್ಲದ್ದನ್ನು ಖಡಾಖಂಡಿತವಾಗಿ ಹೇಳುವುದು, ಹೇಳುವವನು ಅದನ್ನು ನಿಜವೆಂದೇ ನಂಬಿದ್ದರೂ ಸರಿ. ನಂಬಿದ್ದರೂ ಸರಿ! ‘ಅಂತೆ’ ಹಾಕಬೇಕಾದ ಕಡೆ ಹಾಕದಿರುವುದು ಎಂಬುದನ್ನೇ ಇಂಗ್ಲಿಷಿನವರು ಇಷ್ಟು ಉದ್ದ ಬರೆದರು. ಹಾಗೆ ಆದರೆ ಕೊಂಡವನು ವ್ಯಾಪಾರವನ್ನು ರದ್ದು ಮಾಡಬಹುದು ಎನ್ನುತ್ತದೆ 19ನೇ ಕಲಮು. ರದ್ದು ಬೇಡವೆಂದರೆ, ಆ ಮಾತು ನಿಜವಾಗಿದ್ದರೆ ತಾನು ಯಾವ ಸ್ಥಿತಿಯಲ್ಲಿ ಇರುತ್ತಿದ್ದೆನೋ ಅಲ್ಲಿಗೆ ತನ್ನನ್ನು ತಂದು ನಿಲ್ಲಿಸಿ ಎಂದೂ ಕೇಳಬಹುದು. ಒಂದು ವಿನಾಯಿತಿ ಇದೆ: ಸಾಧಾರಣ ಎಚ್ಚರಿಕೆಯಿಂದ ನಿಜವನ್ನು ಅವನೇ ಕಂಡುಕೊಳ್ಳಬಹುದಾಗಿದ್ದರೆ ರದ್ದು ಮಾಡುವಂತಿಲ್ಲ.

ನನ್ನ ಎರಡು ತಪ್ಪುಗಳನ್ನು ಈ ವಿನಾಯಿತಿ ಚೆನ್ನಾಗಿ ಬೇರೆ ಮಾಡುತ್ತದೆ. ಮಾಡೆಲ್ ವರ್ಷ ಆರ್‌ಸಿಯಲ್ಲೇ ಇತ್ತು, ಆರ್‌ಸಿ ಅವನ ಕೈಯಲ್ಲಿತ್ತು. ಓದದೆ ಹೋದದ್ದು ಇಬ್ಬರ ಸೋಮಾರಿತನ. ಎಂಜಿನ್ನಿನ ಒಳಗೆ ಇಣುಕಲು ಅವನಿಗೆ ದಾರಿ ಇರಲಿಲ್ಲ. ನನ್ನ ಮಾತೇ ಅವನ ಕಿಟಕಿ.

ಇನ್ನು ‘ಹಳೆಯದು ಎಂದ ಮೇಲೆ ಹಳೆಯದು’ ಎನ್ನುವವರ ವಾದ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಹೊಸ ಗಾಡಿಯ ಬೆಲೆಯಲ್ಲಿ ಮೂರನೆಯ ಒಂದು ಭಾಗಕ್ಕೆ ಕೊಳ್ಳುವವನು ಅಪಾಯಕ್ಕೂ ಸೇರಿಸಿಯೇ ರಿಯಾಯಿತಿ ಪಡೆದಿರುತ್ತಾನೆ. 1930ರ ಸರಕು ಮಾರಾಟ ಕಾಯ್ದೆಯೂ ಬಹುಮಟ್ಟಿಗೆ ಅದನ್ನೇ ಹೇಳುತ್ತದೆ: ಗುಣಮಟ್ಟಕ್ಕೆ ತಾನಾಗಿ ಬರುವ ಖಾತರಿ ಇಲ್ಲ, ಕೊಳ್ಳುವವನೇ ಕಣ್ಣು ಬಿಟ್ಟುಕೊಂಡಿರಲಿ. ಅಂಥ ಸರಕಿನ ವ್ಯಾಪಾರವನ್ನೇ ವೃತ್ತಿ ಮಾಡಿಕೊಂಡವರಿಗೆ ನಿಯಮ ಬೇರೆ. ಮನೆಯ ಹಳೆಯ ಫ್ರಿಜ್ಜನ್ನು ಜೀವಮಾನದಲ್ಲಿ ಒಮ್ಮೆ ಮಾರುವ ನೀವು ವ್ಯಾಪಾರಿಯಲ್ಲ. ಆದ್ದರಿಂದ ಸ್ಕೂಟರಿನ ಬ್ಯಾಟರಿ ಎರಡು ತಿಂಗಳಿಗೆ ಸತ್ತಿದ್ದರೆ ನನಗೆ ಸಂಬಂಧವಿರಲಿಲ್ಲ. ಬ್ಯಾಟರಿಯ ಬಗ್ಗೆ ನಾನು ಬಾಯಿ ಬಿಟ್ಟಿರಲಿಲ್ಲ, ನನಗೆ ಏನೂ ತಿಳಿದೂ ಇರಲಿಲ್ಲ. ಎಂಜಿನ್ನಿನ ಬಗ್ಗೆ ಬಾಯಿ ಬಿಟ್ಟೆ. ತಿಳಿಯದ್ದರ ಅಪಾಯ ಕೊಂಡವನದು, ಹೇಳಿದ್ದರ ಹೊರೆ ಮಾರಿದವನದು. ಇಷ್ಟು ಗೆರೆ ಸಾಕು ಎಂದು ನನಗೆ ಅನ್ನಿಸುತ್ತದೆ.

ಆದರೂ ಗೆರೆಯ ಮೇಲೆಯೇ ಕುಳಿತ ಸಂಗತಿಗಳಿವೆ. ನನ್ನ ತಂಗಿ ಪಕ್ಕದ ಮನೆಯವರಿಗೆ ಬಟ್ಟೆ ಒಗೆಯುವ ಯಂತ್ರ ಮಾರಿದಳು. ಮೊದಲ ದಿನವೇ ಅದು ಅವರ ಬಚ್ಚಲಿನ ಈ ಗೋಡೆಯಿಂದ ಆ ಗೋಡೆಗೆ ನಡೆದುಕೊಂಡು ಹೋಯಿತು. ವಿಚಾರ ಏನೆಂದರೆ, ತಂಗಿಯ ಮನೆಯಲ್ಲಿ ಒಂದು ಕಾಲಿನ ಕೆಳಗೆ ಮಡಿಸಿದ ರಟ್ಟು ಇಟ್ಟಿದ್ದರು. ಎಂಟು ವರ್ಷದ ಹಿಂದೆ ಇಟ್ಟದ್ದು; ರಟ್ಟು ನೆಲವೇ ಆಗಿಹೋಗಿತ್ತು. ಅವಳು ಮುಚ್ಚಿಟ್ಟಳೇ? ಇಲ್ಲ. ಅವಳ ಪಾಲಿಗೆ ಆ ದೋಷ ಇರಲೇ ಇಲ್ಲ. ನಮ್ಮ ಮನೆಯ ಸಾಮಾನುಗಳೆಲ್ಲ ಹೀಗೆಯೇ. ಬಾಗಿಲನ್ನು ಮೊಣಕಾಲಿನಿಂದ ಒತ್ತಿದರೆ ಮಾತ್ರ ಮುಚ್ಚುವ ಫ್ರಿಜ್ಜು, ಒಂದು ಪೆಟ್ಟು ಹಾಕಿದರೆ ತಿರುಗುವ ಫ್ಯಾನು. ದೋಷ ಕೈಗೆ ಒಗ್ಗಿಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ. ಮಾರುವ ಮುನ್ನ ಒಂದು ದಿನ ಮನೆಗೆ ಬಂದ ನೆಂಟರ ಮಕ್ಕಳಿಗೆ ಬಳಸಲು ಕೊಟ್ಟು ನೋಡಬೇಕು. ಅವರು ಹತ್ತು ನಿಮಿಷದಲ್ಲಿ ಪಟ್ಟಿ ಕೊಡುತ್ತಾರೆ.

ಗೊತ್ತಿದ್ದೂ ಸುಮ್ಮನಿರುವುದು ಇದಕ್ಕಿಂತ ಬೇರೆ. ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಕುದುರೆಯ ದೃಷ್ಟಾಂತಗಳಿವೆ, ಬಹಳ ಸೊಗಸಾಗಿವೆ. ಒಬ್ಬ ತನ್ನ ಕುದುರೆಗೆ ಕುಂದಿದೆ ಎಂದು ತಿಳಿದೂ ಹರಾಜಿನಲ್ಲಿ ಏನೂ ಹೇಳದೆ ಮಾರುತ್ತಾನೆ. ಅದು ವಂಚನೆಯಲ್ಲ ಎನ್ನುತ್ತದೆ ಕಾಯ್ದೆ. ಕೊಳ್ಳುವವಳು ಆಗತಾನೇ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ? ಆಗ ಹೇಳಲೇಬೇಕು, ಆ ಸಂಬಂಧವೇ ಹೇಳುವ ಹೊಣೆಯನ್ನು ತರುತ್ತದೆ. ಮೂರನೆಯದು: ಕೊಳ್ಳುವವನು ‘ನೀವು ಅಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದುಕೊಳ್ಳುತ್ತೇನೆ’ ಎನ್ನುತ್ತಾನೆ, ಮಾರುವವನು ಸುಮ್ಮನಿರುತ್ತಾನೆ. ಆ ಮೌನ ಮಾತಿಗೆ ಸಮ.

ನಮ್ಮ ಬೀದಿಗಳಲ್ಲಿ ನಡೆಯುವ ವ್ಯಾಪಾರವನ್ನು ನೆನೆಸಿಕೊಳ್ಳಿ. ಹಳೆಯ ಸಾಮಾನನ್ನು ಅಪರಿಚಿತರಿಗೆ ಹರಾಜು ಹಾಕುವವರು ನಮ್ಮಲ್ಲಿ ಎಷ್ಟು ಜನ? ಮೆಟ್ಟಿಲಿನ ಕೆಳಗಿನ ಮನೆಯವರು, ಭಾವಮೈದುನನ ಸ್ನೇಹಿತ, ದೇವಸ್ಥಾನದಲ್ಲಿ ಸಿಗುವವರು ಕೊಳ್ಳುತ್ತಾರೆ. ಎಲ್ಲರೂ ಅರ್ಧ ಮಗಳು, ಅರ್ಧ ಹರಾಜಿಗೆ ಬಂದ ಅಪರಿಚಿತ. ಬಂದವರು ‘ಏನೂ ತೊಂದರೆ ಇಲ್ಲ ತಾನೆ?’ ಎನ್ನುತ್ತಾರೆ. ನಾವು ‘ಮೊದಲು ಕಾಫಿ ಕುಡಿಯಿರಿ’ ಎನ್ನುತ್ತೇವೆ. ಆ ಕಾಫಿಯಲ್ಲಿ ಎಷ್ಟು ಕುಂಟು ಕುದುರೆಗಳು ಮುಳುಗಿವೆಯೋ.

ಇರಲಿ, ಸ್ಕೂಟರಿಗೆ ಬರುತ್ತೇನೆ. ನಾನು ಪ್ರಾಮಾಣಿಕನಾಗಿಯೇ ತಪ್ಪಿದೆ. ಹಾಗಿದ್ದರೆ ನನಗೆ ಹೊಣೆ ಏನು? ಮೊದಲ ನಾಲ್ಕು ದಿನ ನಾನು ಯೋಚಿಸಿದ್ದು ನಾನು ಕೆಟ್ಟವನೋ ಅಲ್ಲವೋ ಎಂದು. ಕೆಟ್ಟವನಲ್ಲ ಎಂದು ತೀರ್ಮಾನವಾದ ಕೂಡಲೇ ಹಗುರವಾದೆ, ದುಡ್ಡಿನ ಮಾತು ಮರೆತೇಹೋಯಿತು. ಅಂಗಡಿಯವನು ಐವತ್ತರ ಬದಲು ನೂರರ ನೋಟು ಚಿಲ್ಲರೆ ಕೊಟ್ಟರೆ ಮನೆಗೆ ಬಂದು ಎಣಿಸಿದ ಮೇಲೆ ಏನು ಮಾಡುತ್ತೇವೆ? ‘ನಾನೇನು ಕದ್ದೆನೇ?’ ಎಂದು ಯಾರೂ ಚಿಂತಿಸುವುದಿಲ್ಲ; ವಾಪಸು ಕೊಡುತ್ತೇವೆ, ಇಲ್ಲವೇ ಕೊಡುವುದಿಲ್ಲ. ಬಸ್ಸಿನ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವಾಗ ತಾನು ತಪ್ಪಿತಸ್ಥನೆಂದು ಬರೆಯುವುದಿಲ್ಲ. ತಪ್ಪು ಬೇರೆ, ಬಾಕಿ ಬೇರೆ. ನನ್ನ ಬಳಿ ತಪ್ಪು ಇರಲಿಲ್ಲ ಎಂದೇ ಇಟ್ಟುಕೊಳ್ಳೋಣ, ಬಾಕಿ ಇತ್ತು.

ಎಷ್ಟು ಬಾಕಿ? ರಿಪೇರಿಗೆ ಐದು ಸಾವಿರದ ಇನ್ನೂರು ಆಗಿತ್ತು. ಅಷ್ಟನ್ನೂ ಕೊಡಬೇಕು ಎಂದು ಹೆಂಡತಿ ಹೇಳಿದಳು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ರಿಪೇರಿಯಾದ ಎಂಜಿನ್ ನಾನು ಮಾರಿದ ಎಂಜಿನ್ನಿಗಿಂತ ಒಳ್ಳೆಯದು. ಆ ಹೆಚ್ಚಳಕ್ಕೂ ನಾನೇ ಏಕೆ ಕೊಡಬೇಕು? ಬಿಚ್ಚದ ಎಂಜಿನ್ನಿನ ಆ ಗಾಡಿಗೂ ಬೋರ್ ಮಾಡಿಸಿದ ಅದೇ ಗಾಡಿಗೂ ಅಂದು ಬೆಲೆಯಲ್ಲಿ ಎಷ್ಟು ಅಂತರವಿತ್ತೋ ಅಷ್ಟು ದುಡ್ಡು ಮಾತ್ರ ನನ್ನದಲ್ಲ, ಅವನದು. ಇಬ್ಬರು ಮೆಕ್ಯಾನಿಕ್‌ಗಳನ್ನು ಕೇಳಿದೆ. ಒಬ್ಬ ಮೂರು ಸಾವಿರ ಎಂದ, ಇನ್ನೊಬ್ಬ ನಾಲ್ಕು ಎಂದ. ಮೂರೂವರೆ ಸಾವಿರವನ್ನು ಹುಡುಗನಿಗೆ ಕೊಟ್ಟೆ. ಕೊಟ್ಟದ್ದು ಎಂಟನೆಯ ದಿನ. ಈ ಇಡೀ ಪ್ರಸಂಗದಲ್ಲಿ ನನಗೆ ನಾಚಿಕೆಯಾಗುವುದು ಎಂಜಿನ್ನಿನ ಮಾತಿಗಲ್ಲ, ಆ ಎಂಟು ದಿನಕ್ಕೆ. ಎಂಜಿನ್ನಿನ ಮಾತು ತಿಳಿಯದೆ ಆಡಿದ್ದು. ಎಂಟು ದಿನ ತಿಳಿದು ಕಳೆದದ್ದು.

(ಗಾಡಿಯನ್ನು ಅವನ ಹೆಸರಿಗೆ ಮಾತ್ರ ಮೊದಲ ವಾರದಲ್ಲೇ ವರ್ಗಾಯಿಸಿದ್ದೆ. ಮಾರಿದವರು ಇದನ್ನೂ ಮುಗ್ಧವಾಗಿ ಮರೆಯುತ್ತಾರೆ. ಅದೇ ರಾಜ್ಯದೊಳಗೆ ಮಾರಿದರೆ 14 ದಿನದಲ್ಲಿ ತಿಳಿಸಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಎಷ್ಟು ಕೈ ಬದಲಾಗಿದ್ದರೂ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮನೆಗೆ ಹೋಗಿ ನೋಡಿಕೊಳ್ಳಿ.)

ಮಾರಿದ ವಸ್ತುವಿನ ದೋಷಕ್ಕೆ ಎಷ್ಟು ದಿನದವರೆಗೆ ಹೊಣೆ? ಇದಕ್ಕೆ ಉತ್ತರ ನಮ್ಮ ಬೀದರ್ ಕಡೆಯಲ್ಲೇ ಇದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಆಸ್ತಿ ಪಾಲಿನ ಮೊಕದ್ದಮೆಗಳಿಂದ ಎಲ್ಲರಿಗೂ ಆ ಹೆಸರು ಗೊತ್ತು. ಆದರೆ ಆ ಸ್ಮೃತಿಯಲ್ಲಿ ಕೊಂಡ ಮೇಲೆ ಪಶ್ಚಾತ್ತಾಪ ಪಡುವವರಿಗೂ ಒಂದು ಪ್ರಕರಣವಿದೆ. ಕೊಂಡದ್ದನ್ನು ಪರೀಕ್ಷಿಸಲು ವಸ್ತುವಿಗೊಂದು ಅವಧಿ: ಬಿತ್ತನೆ ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೊರೆ ಎಳೆಯುವ ಪ್ರಾಣಿಗೆ ಐದು, ರತ್ನಕ್ಕೆ ಏಳು, ಹಾಲು ಕರೆಯುವ ಪಶುವಿಗೆ ಮೂರು. ಯಾರೋ ರೈತರನ್ನು ಕೇಳಿಯೇ ಬರೆದ ಹಾಗಿದೆ. ಬೀಜ ಮೊಳೆಯಲು ದಿನ ಬೇಕು. ಹಸು ಎಷ್ಟು ಕೊಡುತ್ತದೆ ಎಂಬುದು ಮೂರು ದಿನ ಕರೆದರೆ ಬಯಲಾಗುತ್ತದೆ. ದೋಷ ತಾನಾಗಿ ಹೊರಗೆ ಬರಲು ಎಷ್ಟು ಹೊತ್ತು ಬೇಕೋ ಅಷ್ಟೇ ಅವಧಿ. ಅದೇ ಪಟ್ಟಿಯಲ್ಲಿ ದಾಸನಿಗೆ ಅರ್ಧ ತಿಂಗಳು, ದಾಸಿಗೆ ಒಂದು ತಿಂಗಳು ಎಂದೂ ಇದೆ. ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ನಿಮಗೆ ಹೇಳಿದರೆ, ಬಣ್ಣ ಹೊಡೆದು ಹಳೆಯ ಸರಕು ಮಾರಿದವನಾಗುತ್ತೇನೆ.

ಇಷ್ಟು ಹೊತ್ತು ಮಾರುವವನ ತಪ್ಪು ಕೊಳ್ಳುವವನಿಗೆ ನಷ್ಟ ತಂದದ್ದನ್ನು ಹೇಳಿದೆ. ತಿರುವುಮುರುವಾದರೆ?

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ರೋಸ್ ಎಂಬ ಹಸುವಿತ್ತು. ಒಳ್ಳೆಯ ತಳಿಯದು, ಆದರೆ ಗೊಡ್ಡು ಎಂದು ಒಡೆಯರಾದ ವಾಕರ್ ಅವರ ನಂಬಿಕೆ. ಶೆರ್ವುಡ್ ಎಂಬ ಬ್ಯಾಂಕರಿಗೆ ತೂಕದ ಲೆಕ್ಕದಲ್ಲಿ, ಪೌಂಡಿಗೆ ಐದೂವರೆ ಸೆಂಟಿನಂತೆ, ಸುಮಾರು 80 ಡಾಲರಿಗೆ ಮಾತಾಯಿತು. ಕೊಂಡೊಯ್ಯುವ ಮೊದಲೇ ಹಸು ಗಬ್ಬವಾಗಿರುವುದು ತಿಳಿಯಿತು. ಗಬ್ಬದ ರೋಸ್‌ಗೆ ಬೆಲೆ 750 ಡಾಲರಿಗೆ ಕಡಿಮೆಯಿಲ್ಲ. ವಾಕರ್ ಕೊಡುವುದಿಲ್ಲ ಎಂದರು. 1887ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ವಾಕರ್ ಪರವಾಗಿ ನಿಂತಿತು: ಗೊಡ್ಡು ಹಸುವೂ ಕರು ಹಾಕುವ ಹಸುವೂ ಬೇರೆ ಬೇರೆ ಪ್ರಾಣಿಗಳು ಎನ್ನುವಷ್ಟು ಭಿನ್ನ, ಇಬ್ಬರೂ ಮಾರಿದ್ದು ಕೊಂಡದ್ದು ಇಲ್ಲದ ಹಸುವನ್ನು. ಒಬ್ಬ ನ್ಯಾಯಾಧೀಶರು ಒಪ್ಪಲಿಲ್ಲ. ಕೊಂಡವನು ಅದು ಕರು ಹಾಕೀತೆಂದು ನಂಬಿಯೇ ಕೊಂಡ, ಅವನ ಊಹೆ ಫಲಿಸಿತು, ಅದನ್ನು ಕಿತ್ತುಕೊಳ್ಳುವುದೇಕೆ ಎಂದರು. ನಮ್ಮಲ್ಲಿ ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟಬಾರದು ಎನ್ನುತ್ತಾರೆ. ರೋಸ್ ದಡದ ಮೇಲೆಯೇ ನಿಂತಿದ್ದರೂ ಬೆಲೆ ಕಟ್ಟಲು ಆಗಲಿಲ್ಲ.

ನಮ್ಮ ಕರಾರು ಕಾಯ್ದೆಯ 20ನೇ ಕಲಮು ಇಬ್ಬರೂ ಮೂಲ ಸಂಗತಿಯಲ್ಲೇ ತಪ್ಪಿದ್ದರೆ ಕರಾರು ಇಲ್ಲ ಎನ್ನುತ್ತದೆ, ಆದರೆ ಬೆಲೆಯ ಬಗ್ಗೆ ತಪ್ಪು ಅಭಿಪ್ರಾಯ ಸಂಗತಿಯ ತಪ್ಪಲ್ಲ ಎಂದೂ ಸೇರಿಸುತ್ತದೆ. ಎರಡರ ನಡುವಿನ ಬೇಲಿ ಎಲ್ಲಿದೆ ಎಂದು ಹುಡುಕುತ್ತ ವಕೀಲರ ಮನೆ ನಡೆಯುತ್ತದೆ.

ನಾನು ಬಲ್ಲ ಒಬ್ಬರು, ಗಂಡ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುತ್ತಿದ್ದ ವೃದ್ಧೆಯಿಂದ ಹಳೆಯ ಮರದ ಪೆಟ್ಟಿಗೆಯನ್ನು ಒಂದೂವರೆ ಸಾವಿರಕ್ಕೆ ಕೊಂಡರು. ಯಾವುದೋ ಕಾಡುಮರ ಎಂದು ಇಬ್ಬರೂ ತಿಳಿದಿದ್ದರು. ಬಡಗಿ ಹಸಿರು ಬಣ್ಣ ಕೆರೆದರೆ ಬೀಟೆ! ಅವರು ಹೋಗಿ ಹೇಳಲಿಲ್ಲ. ‘ಈಗ ಹೇಳಿದರೆ ಆಕೆಗೆ ಸುಮ್ಮನೆ ನೋವು’ ಎಂದರು. ಆ ಮಾತು ನನಗೆ ಹಿಡಿಸಲಿಲ್ಲ. ಹೇಳಿ ದುಡ್ಡನ್ನೂ ಕೊಟ್ಟರೆ ನೋವೆಲ್ಲಿ? ಹಾಗೆಂದು ನಾನು ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಅಪರೂಪದ ಪುಸ್ತಕ ಸಿಕ್ಕಾಗ ತುಟಿ ಬಿಚ್ಚಿದವನಲ್ಲ. ಪುಸ್ತಕದ ಬೆಲೆ ತಿಳಿದಿರುವುದು ಅಂಗಡಿಯವನ ಕಸುಬು. ನಾಳೆ ಅವನು ಇಪ್ಪತ್ತರದನ್ನು ನನಗೆ ಇನ್ನೂರಕ್ಕೆ ಮಾರುತ್ತಾನೆ, ಆಗ ನಾನೂ ಗೊಣಗುವುದಿಲ್ಲ. ಮನೆ ಖಾಲಿ ಮಾಡುವ ಹೆಂಗಸಿಗೆ ನಾಳೆಯ ವ್ಯಾಪಾರ ಎಂಬುದಿಲ್ಲ. ಅವರಿಬ್ಬರಿಗೂ ಒಂದೇ ನ್ಯಾಯ ಎಂದು ಯಾರಾದರೂ ಸಾಧಿಸಿದರೆ ಕೇಳಲು ಸಿದ್ಧನಿದ್ದೇನೆ, ಒಪ್ಪುವುದು ಕಷ್ಟ.

ಮಾತು ಇಲ್ಲಿಗೆ ನಿಲ್ಲಿಸಿ ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಮಹಿಳೆ ಎದ್ದರು.

‘ಮೇಷ್ಟರೇ, ಹುಡುಗನಿಗೆ ಮೂರೂವರೆ ಸಾವಿರ ಕೊಟ್ಟಿರಿ. ನಿಮಗೆ ಗಾಡಿ ಮಾರಿದ ಆ ಸಹೋದ್ಯೋಗಿಯನ್ನು ಹೋಗಿ ಕೇಳಿದಿರಾ?’

‘ಇಲ್ಲಮ್ಮ, ಕೇಳಲಿಲ್ಲ. ಪಾಪ, ಅವರಿಗೂ ಅದು ಗೊತ್ತಿರಲಿಲ್ಲವಂತೆ’ ಎಂದೆ.

‘ಅಂತೆ ಎಂದು ಯಾರು ಹೇಳಿದರು? ನೀವು ಕೇಳಲೇ ಇಲ್ಲ ಎಂದಿರಲ್ಲ’ ಎಂದರು ಆಕೆ.

ಅಷ್ಟರಲ್ಲಿ ಕಾಫಿ ಬಂತು.